ಎಡಚನ ಹನ್ನೊಂದು ದಿನ

ಲೈಲ್ ಟೆಟ್ರಿಕ್‌ಗೆ ಮೇಲಿನ ಲೀಗಿನಿಂದ ಕರೆ ಬಂದ ದಿನ ನಾನು ಅವನ ಬೆನ್ನು ತಟ್ಟಿ "ಭೇಷ್ ಕಣೋ" ಎಂದೆ. ಹೊಟ್ಟೆಯೊಳಗೆ ಧಗಧಗ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ಈ ವಯಸ್ಸಿನಲ್ಲಿ ಒಳ್ಳೆಯವನು ಅನ್ನಿಸಿಕೊಂಡು ನನಗೆ ಆಗಬೇಕಾದ್ದು ಏನೂ ಇಲ್ಲ.

ನಾನು ವರ್ನ್ ಕೊಸ್ಟ್ಕಾ, ಬೇಸ್‌ಬಾಲ್ ಆಟದ ಕ್ಯಾಚರ್. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು, ಪಿಚರ್ ಎಸೆದದ್ದನ್ನೆಲ್ಲ ಹಿಡಿಯುವವನು. 1974ರಲ್ಲಿ ಅಯೋವಾದ ಒಂದು ನದಿ ದಂಡೆಯ ಊರಿನ ತಂಡದಲ್ಲಿದ್ದೆ. ಆಗಲೇ ಇಪ್ಪತ್ತೊಂಬತ್ತು ವಯಸ್ಸು, ಮಂಡಿಗಳಿಗೆ ಐವತ್ತು. ಏಳು ವರ್ಷ ಕೆಳಗಿನ ಲೀಗುಗಳಲ್ಲಿ ಬಸ್ಸಿನ ಸೀಟು ಸವೆಸಿದ್ದೆ. ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗಿನಲ್ಲಿ ಒಂದು ಆಟ, ಒಂದೇ ಒಂದು, ಆಡಿ ಸಾಯಬೇಕು ಅನ್ನುವುದು ಬಿಟ್ಟರೆ ನನಗೆ ಬೇರೆ ಆಸೆಯೇ ಇರಲಿಲ್ಲ.

ಲೈಲ್‌ಗೆ ಇಪ್ಪತ್ತೆರಡು. ನೆಬ್ರಾಸ್ಕಾದ ಜೋಳದ ಹೊಲದಿಂದ ಬಂದು ಇನ್ನೂ ಎರಡನೇ ವರ್ಷ. ಅವನ ಹೆಚ್ಚುಗಾರಿಕೆ ಏನಪ್ಪಾ ಅಂದರೆ ಎಡಗೈ. ಎಡಗೈಯಲ್ಲಿ ಎಸೆಯುವವನು ಸಿಕ್ಕರೆ ಸಾಕು, ಮೇಲಿನವರು ಬಾಯಿ ಬಾಯಿ ಬಿಡುತ್ತಾರೆ. ನಾವಿಬ್ಬರೂ ಬಾಡಿಗೆಗಿದ್ದ ಮನೆಯ ಮಿಸೆಸ್ ಗುಂಡರ್ಸನ್ ಕೂಡ ಚೆರಿ ಹಣ್ಣಿನ ಪೈ ಮಾಡಿದಾಗ ದೊಡ್ಡ ತುಂಡನ್ನು ಅವನ ತಟ್ಟೆಗೇ ಹಾಕುತ್ತಿದ್ದಳು. ನನ್ನದು ಅಂಚಿನ ತುಂಡು.

ಇದರಲ್ಲಿ ಇನ್ನೊಂದು ಸಂಕಟವಿದೆ. ನಾನೂ ಎಡಚನಾಗಿಯೇ ಹುಟ್ಟಿದವನು. ಚರ್ಚಿನ ಶಾಲೆಯಲ್ಲಿ ನಾನು ಎಡಗೈಯಲ್ಲಿ ಪೆನ್ಸಿಲ್ ಹಿಡಿದಾಗಲೆಲ್ಲ ಸಿಸ್ಟರ್ ಅಗಾಥಾ ಮರದ ಸ್ಕೇಲಿನಲ್ಲಿ ಗೆಣ್ಣಿಗೆ ಬಾರಿಸಿದಳು. ಎರಡು ವರ್ಷ ಬಾರಿಸಿ ನನ್ನನ್ನು ಬಲಗೈಯವನನ್ನಾಗಿ ಮಾಡಿಬಿಟ್ಟಳು. ಅಪ್ಪ ಅಮ್ಮ ಅವಳಿಗೆ ಕೈಮುಗಿದು ಬಂದರು. ಲೈಲ್‌ನನ್ನು ಮಾತ್ರ ಯಾರೂ ಹೊಡೆದಿರಲಿಲ್ಲ. ಅವನು ಎಡಗೈ ಬೀಸಿ ಎಸೆದಾಗಲೆಲ್ಲ ಇದು ನನ್ನ ಕೈ, ಇವನು ಕದ್ದುಕೊಂಡು ಹೋದ ಅನ್ನಿಸುತ್ತಿತ್ತು. ಹುಚ್ಚುತನವೇ ಸರಿ, ಆದರೂ ಅನ್ನಿಸುತ್ತಿತ್ತು.

ಕರೆ ಬರುವ ಹಿಂದಿನ ದಿನದ ಆಟದಲ್ಲಿ ನಾನೊಂದು ವಿಷಯ ಕಂಡುಹಿಡಿದಿದ್ದೆ. ಯಾವ ಚೆಂಡು ಎಸೆಯಬೇಕೆಂದು ಪಿಚರ್‌ಗೆ ಬೆರಳಲ್ಲಿ ಸನ್ನೆ ಮಾಡುವವನು ಕ್ಯಾಚರ್. ಒಂದು ಬೆರಳೆಂದರೆ ನೇರ ಚೆಂಡು, ಎರಡೆಂದರೆ ತಿರುಗುವ ಚೆಂಡು. ಲೈಲ್‌ನ ಪ್ರಾಣವೆಲ್ಲ ಆ ತಿರುಗುವ ಚೆಂಡಿನಲ್ಲಿತ್ತು. ನಾನು ಎರಡು ಬೆರಳು ತೋರಿಸಿದಾಗ ಅವನು ಚೆಂಡಿನ ಹೊಲಿಗೆ ಹುಡುಕಲು ಗ್ಲೌಸಿನೊಳಗೆ ಕೈಯನ್ನು ಆಳಕ್ಕೆ ತುರುಕುತ್ತಿದ್ದ. ಆಗ ಬಲಗೈಯ ಗ್ಲೌಸು ಕೋಳಿ ರೆಕ್ಕೆ ಬಿಚ್ಚಿದ ಹಾಗೆ ಅಗಲವಾಗುತ್ತಿತ್ತು. ಒಂದು ಬೆರಳು ತೋರಿಸಿದರೆ ಗ್ಲೌಸು ಮುಚ್ಚಿಯೇ ಇರುತ್ತಿತ್ತು. ಮೊದಲು ನನ್ನ ಭ್ರಮೆ ಅಂದುಕೊಂಡೆ. ಆಮೇಲೆ ಬೇಕೆಂದೇ ಎಣಿಸಿದೆ. ಹನ್ನೆರಡು ಸಲ ತಿರುಗುವ ಚೆಂಡು, ಹನ್ನೆರಡು ಸಲವೂ ಗ್ಲೌಸು ಬಿಚ್ಚಿತು.

ಇದು ಬ್ಯಾಟು ಹಿಡಿದವನ ಕಣ್ಣಿಗೆ ಬಿದ್ದರೆ ಪಿಚರ್ ಸತ್ತ ಹಾಗೆ. ಬೆಳಿಗ್ಗೆ ಹೇಳಿದರಾಯಿತು, ಎರಡು ದಿನದಲ್ಲಿ ತಿದ್ದಬಹುದು ಅಂದುಕೊಂಡಿದ್ದೆ. ದೇವರಾಣೆಗೂ ಅಂದುಕೊಂಡಿದ್ದೆ.

ಬೆಳಿಗ್ಗೆ ನಮ್ಮ ಮ್ಯಾನೇಜರ್ ಓರ್ವಿಲ್ ಪೇಜ್ ಬಟ್ಟೆ ಬದಲಾಯಿಸುವ ಕೋಣೆಗೆ ಬಂದ. ಬಾಯಲ್ಲಿದ್ದ ಹೊಗೆಸೊಪ್ಪನ್ನು ಡಬ್ಬಿಗೆ ಉಗಿದು, "ಲೋ ಎಡಚ, ಗಂಟುಮೂಟೆ ಕಟ್ಟು. ಮೇಲಿನೋರು ಕರೀತಿದಾರೆ" ಎಂದ.

ಕೋಣೆಯಲ್ಲಿ ಒಂದೇ ಗದ್ದಲ. ಲೈಲ್ ಅತ್ತುಬಿಟ್ಟ. ನೇರ ನನ್ನ ಹತ್ತಿರ ಬಂದು ತಬ್ಬಿಕೊಂಡ.

"ಮುದುಕಪ್ಪಾ, ಎಲ್ಲಾ ನೀನೇ ಕಲಿಸಿದ್ದು. ಇನ್ನೇನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡು."

ಗ್ಲೌಸಿನ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಏನಿಲ್ಲ. ಹೊಟ್ಟೆತುಂಬಾ ಊಟ ಮಾಡು" ಎಂದೆ.

ಗುರುವಾರ ಅವನ ಮೊದಲ ಆಟ. ನಾವೆಲ್ಲ ರೇಡಿಯೋ ಸುತ್ತ ಕೂತಿದ್ದೆವು. ಒಬ್ಬನೇ ಒಬ್ಬನಿಗೆ ಎಸೆಯಲು ಅವನನ್ನು ಇಳಿಸಿದರು. ಮೂರು ಚೆಂಡು, ಮೂರಕ್ಕೂ ಗಾಳಿಗೇ ಬ್ಯಾಟು ಬೀಸಿ ಆ ದಾಂಡಿಗ ಔಟಾದ. ನಮ್ಮವರು ಕುಣಿದಾಡಿದರು. ನಾನೂ ಕುಣಿದೆ, ಕುಣಿಯದಿದ್ದರೆ ಎಲ್ಲರಿಗೂ ಗೊತ್ತಾಗುತ್ತದಲ್ಲ.

ಶನಿವಾರ ಮಧ್ಯಾಹ್ನದ ಆಟ ಟಿವಿಯಲ್ಲಿ ಬಂತು. ಮಿಸೆಸ್ ಗುಂಡರ್ಸನ್ ಟಿವಿ ಮೇಲಿದ್ದ ಕಸೂತಿ ಬಟ್ಟೆ ತೆಗೆದು, ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು ಕೂರಿಸಿದ್ದಳು. "ನೋಡ್ರೇ, ನಮ್ ಲೈಲು! ಎಷ್ಟು ಲಕ್ಷಣವಾಗಿ ಕಾಣ್ತಾನೆ ನೋಡಿ!" ನಾನು ಏಳು ವರ್ಷದಲ್ಲಿ ಒಂದು ದಿನವೂ ಯಾರ ಕಣ್ಣಿಗೂ ಲಕ್ಷಣವಾಗಿ ಕಂಡಿರಲಿಲ್ಲ. ನಾನು ನೋಡಿದ್ದು ಅವನ ಗ್ಲೌಸನ್ನು. ಬಿಚ್ಚುತ್ತಿತ್ತು. ಎದುರಾಳಿಗಳು ತಿರುಗುವ ಚೆಂಡನ್ನು ಮುಟ್ಟದೆ ಬಿಡತೊಡಗಿದ್ದರು. ಹೇಗೋ ಒಂದೇ ರನ್ ಕೊಟ್ಟು ಪಾರಾದ. ಅವರ ಬೆಂಚಿನಲ್ಲಿ ಒಬ್ಬ ಮುದಿ ಕೋಚ್ ತನ್ನ ಕೈಗಳನ್ನು ಎದೆಯ ಮುಂದೆ ಇಟ್ಟು ಅಗಲಿಸಿ ಪಕ್ಕದವನಿಗೆ ಏನೋ ತೋರಿಸುತ್ತಿದ್ದ. ಅದು ಯಾಕೆಂದು ಆ ಮನೆಯಲ್ಲಿ ನನಗೊಬ್ಬನಿಗೇ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ ಪಡಸಾಲೆಯ ಫೋನು ಹೊಡೆದುಕೊಂಡಿತು.

"ಮುದುಕಪ್ಪಾ, ನಾನು. ನಿನ್ನೆ ನೋಡಿದ್ಯಾ?"

"ನೋಡ್ದೆ."

"ನನ್ ತಿರುಗೋ ಚೆಂಡು ಅವರಿಗೆ ಮೊದ್ಲೇ ಗೊತ್ತಾಗ್ತಿತ್ತು ಅನ್ಸುತ್ತೆ. ಇಲ್ಲಿ ಕೇಳಿದ್ರೆ ಯಾರಿಗೂ ಪುರುಸೊತ್ತಿಲ್ಲ. ನಿನ್ ಕಣ್ಣಿಗೆ ಏನಾದ್ರೂ ಬಿತ್ತಾ? ಬುಧವಾರ ಮೊದಲ ಚೆಂಡಿನಿಂದ ಎಸೆಯೋನೇ ನಾನು. ಬೇಗ ಹೇಳು ಮಾರಾಯ."

ಮಿಸೆಸ್ ಗುಂಡರ್ಸನ್ ಅಡುಗೆಮನೆಯಿಂದಲೇ ಕೂಗಿದಳು, "ಫೋನಲ್ಲಿ ನಮ್ ಲೈಲೇನಾ? ಅವನಿಗೆ ಅಂತ ಪೈ ಕಳಿಸ್ತೀನಿ ಅಂತ ಹೇಳು!"

ಆ ಪೈ ನನ್ನ ತಲೆ ಕೆಡಿಸಿತು ಅಂದರೆ ನೀವು ನಗುತ್ತೀರಿ. ನಗಿ.

"ನಿನ್ ಕೈ ಚಿನ್ನ ಕಣೋ. ಹೇಗಿದೆಯೋ ಹಾಗೇ ಎಸಿ. ಏನೂ ಬದಲಾಯಿಸ್ಬೇಡ" ಎಂದೆ.

"ನಿಜವಾಗ್ಲೂ?"

"ನಾನ್ಯಾವತ್ತು ನಿನಗೆ ಸುಳ್ಳು ಹೇಳಿದೀನಿ?"

"ಸರಿ ಹಾಗಾದ್ರೆ. ಇರು ಇರು, ಇಡಬೇಡ, ಇನ್ನೊಂದು ವಿಷ್ಯ ಇದೆ—"

"ಬಸ್ಸಿಗೆ ಹೊತ್ತಾಯ್ತು" ಅಂತ ಇಟ್ಟುಬಿಟ್ಟೆ. ಆ ದಿನ ನಮಗೆ ಬಸ್ಸೂ ಇರಲಿಲ್ಲ, ಆಟವೂ ಇರಲಿಲ್ಲ.

ಬುಧವಾರ ಮತ್ತೆ ರೇಡಿಯೋ. ಮೊದಲ ಇನಿಂಗ್ಸ್‌ನಲ್ಲೇ ಮೂರು ರನ್ ಕೊಟ್ಟ, ನಮ್ಮ ಆಟದಲ್ಲಿ ಅದು ಬಹಳ. ಎರಡನೆಯದರಲ್ಲಿ ಒಂದು ಹೊಡೆತ, ಇನ್ನೊಂದು ಹೊಡೆತ, ಆಮೇಲೆ ಗೋಡೆ ದಾಟಿ ಹೋದ ಹೋಮ್ ರನ್. ಮತ್ತೊಂದು. "ಇವನು ಏನೆಸೀತಾನೆ ಅಂತ ಪತ್ರ ಬರೆದು ತಿಳಿಸಿದ ಹಾಗೆ ಹೊಡೀತಿದಾರಲ್ಲ!" ಅಂತ ರೇಡಿಯೋದವನು ನಕ್ಕ. ಏಳು ರನ್ ಆದ ಮೇಲೆ ಲೈಲ್‌ನನ್ನು ಹೊರಗೆ ಕರೆದರು. ನಮ್ಮ ಕೋಣೆಯಲ್ಲಿ ಯಾರೋ ರೇಡಿಯೋ ಆರಿಸಿದರು. ನನಗೆ ಎಷ್ಟು ಹಾಯೆನ್ನಿಸಿತೆಂದರೆ, ಗೋಡೆಯ ಕಡೆ ತಿರುಗಿ ಶೂ ಲೇಸು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡಬೇಕಾಯಿತು.

ಶುಕ್ರವಾರ ಅವನು ಅದೇ ಚೀಲ ಹಿಡಿದು ವಾಪಸು ಬಂದ. ಮಂಗಳವಾರ ಹೋದವನು, ಒಟ್ಟು ಹನ್ನೊಂದು ದಿನ. ಮಿಸೆಸ್ ಗುಂಡರ್ಸನ್ ಅವನ ಮುಂದೆ ಪೈ ಇಟ್ಟಳು. ಅವನು ತಟ್ಟೆಯನ್ನು ನನ್ನ ಕಡೆ ಸರಿಸಿದ.

"ನೀನು ತಿನ್ನು ಮುದುಕಪ್ಪಾ. ನನಗೆ ಸೇರ್ತಿಲ್ಲ." ಮೇಜು ಕೆರೆಯುತ್ತ, "ನನ್ನಿಂದ ನಿನ್ನದೂ ಹಾಳಾಯ್ತು. ಅದೇ ಹೊಟ್ಟೆ ಉರೀತಿರೋದು" ಎಂದ.

"ನನ್ನದೇನು?"

"ಅಲ್ಲಿನ ಎರಡನೇ ಕ್ಯಾಚರ್ ಶನಿವಾರ ಮಂಡಿ ಮುರ್ಕೊಂಡ. ನಾನು ಮ್ಯಾನೇಜರ್ ಹತ್ರ ಹೋಗಿ, 'ಅಯೋವಾದಿಂದ ವರ್ನ್ ಕೊಸ್ಟ್ಕಾನ ಕರೆಸಿ, ಆಟ ಅವನಿಗೆ ಗೊತ್ತಿರೋ ಹಾಗೆ ಇಲ್ಲಿ ಯಾರಿಗೂ ಗೊತ್ತಿಲ್ಲ' ಅಂದೆ. ನಿತ್ಯ ತಲೆ ತಿಂದೆ. ಕೊನೆಗೆ ಅವನು, 'ಬುಧವಾರ ನೀನು ಗೆದ್ದು ತೋರ್ಸು, ಗುರುವಾರ ನಿನ್ ಮುದುಕನ್ನ ಕರೆಸ್ತೀನಿ' ಅಂದ. ಏಳು ರನ್ ಕೊಟ್ಟೋನ ಮಾತು ಯಾರು ಕೇಳ್ತಾರೆ? ಬೇರೆಯವನ್ನ ಕರ್ಕೊಂಡ್ರು."

ನಾನು ತಟ್ಟೆಯನ್ನು ಅವನ ಕಡೆಗೇ ವಾಪಸು ಸರಿಸಿದೆ.

"ಭಾನುವಾರ ಫೋನಲ್ಲಿ ಅದನ್ನೇ ಹೇಳೋಣ ಅಂತಿದ್ದೆ. ನೀನು ಇಟ್ಬಿಟ್ಟೆ. ಬಸ್ಸಿಗೆ ಹೊತ್ತಾಗಿತ್ತಲ್ಲ" ಎಂದ. ಅವನ ಮುಖದಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿ.

ಮರುದಿನ ಅಭ್ಯಾಸದಲ್ಲಿ ಐದಾರು ಚೆಂಡು ಹಿಡಿದ ಮೇಲೆ ನಾನು ಎದ್ದುಹೋಗಿ, ಆಗ ತಾನೇ ಕಂಡವನ ಹಾಗೆ, "ಲೈಲ್, ನಿನ್ ಗ್ಲೌಸು ಅಗಲ ಆಗ್ತಿದೆ ನೋಡು" ಎಂದೆ. ಅವನು ಗ್ಲೌಸು ನೋಡಿದ, ನನ್ನನ್ನು ನೋಡಿದ. ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡಿದ್ಯಾ? ನೀನು ಅಲ್ಲಿದ್ದಿದ್ರೆ ಒಂದೇ ದಿನದಲ್ಲಿ ಹಿಡೀತಿದ್ದೆ" ಎಂದ.

ಗ್ಲೌಸು ಸರಿಹೋಯಿತು, ಆದರೆ ಆಗಸ್ಟಿನಲ್ಲಿ ಅವನ ಭುಜ ಹೋಯಿತು. ಮತ್ತೆ ಮೇಲಿನಿಂದ ಕರೆ ಬರಲಿಲ್ಲ. ನೆಬ್ರಾಸ್ಕಾಕ್ಕೆ ಹೋಗಿ ಟ್ರ್ಯಾಕ್ಟರ್ ಮಾರುತ್ತಾನೆ. ಪ್ರತಿ ಕ್ರಿಸ್‌ಮಸ್‌ಗೆ ನನಗೆ ಕಾರ್ಡು ಬರೆಯುತ್ತಾನೆ, ಎಡಗೈಯ ವಾಲು ಅಕ್ಷರದಲ್ಲಿ. ನನಗೂ ಕರೆ ಬರಲೇ ಇಲ್ಲ.

ಮೇಜರ್ ಲೀಗಿನಲ್ಲಿ ಆಡಿದವರ ಹೆಸರೆಲ್ಲ ಇರುವ ಒಂದು ದಪ್ಪ ಪುಸ್ತಕ ನಮ್ಮೂರ ಲೈಬ್ರರಿಯಲ್ಲಿದೆ. ಒಂದೇ ಚೆಂಡು ಎಸೆದವನ ಹೆಸರನ್ನೂ ಅದರಿಂದ ತೆಗೆಯುವುದಿಲ್ಲ. ಟೆಟ್ರಿಕ್, ಲೈಲ್, ಎಡಗೈ, ಮೂರು ಆಟ, ಎಂಟು ರನ್. ಕೊಸ್ಟ್ಕಾ ಅಂತ ಹುಡುಕಿದರೆ ಯಾರೂ ಇಲ್ಲ. ಆ ಒಂದು ಸಾಲನ್ನು ನೋಡಿದಾಗ ಈಗಲೂ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಏಳು ರನ್ ನನ್ನವು, ಆದರೆ ಅವೂ ಅವನ ಹೆಸರಿಗೇ ಹೋದವು.