ಕಟ್ಟಬಾರದ ಹಾಳೆಗಳು

ನಾನು ಕಣ್ಣು ಕಾಣದವರು ಬರೆಯುವ ಯಂತ್ರ. ಒಳಗೆ ಉಕ್ಕು, ಮೈಗೆ ಬೂದು ಬಣ್ಣ, ಎದುರಿಗೆ ಆರು ಕೀಲಿಗಳು. ಕೀಲಿ ಒತ್ತಿದರೆ ದಪ್ಪ ಹಾಳೆಯ ಮೇಲೆ ಚುಕ್ಕಿ ಉಬ್ಬಿ ಏಳುತ್ತದೆ. ಆ ಉಬ್ಬನ್ನು ಬೆರಳಿನಿಂದ ಸವರಿ ಓದುತ್ತಾರೆ. ಬ್ರೈಲ್ ಎಂದರೆ ಅದೇ. ಉತ್ತರದ ಗುಡ್ಡಗಳ ನಡುವಿನ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಕೊನೆಯ ತಿರುಪು ಬಿಗಿದ ಮೇಲೆ ಕಣ್ಣು ಕಾಣದ ಮುದುಕನೊಬ್ಬ ನನ್ನಲ್ಲಿ ತನ್ನ ಹೆಸರು ಬರೆದು, ಬೆರಳಾಡಿಸಿ ನೋಡಿ, "ಹ್ಞೂಂ" ಎಂದ. ಮರುದಿನವೇ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕೂತು ಮೂರು ದಿನ ರೈಲಿನಲ್ಲಿ ಬಂದೆ.

ಬಂದು ಇಳಿದದ್ದು ಊರ ನಡುವಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಕಾಂಪೌಂಡಿನ ಆಚೆ ಸಿಟಿ ಬಸ್ಸುಗಳ ಗದ್ದಲ, ಈಚೆ ಸಾಲು ಕಟ್ಟಡಗಳು. ಮೊದಲು ನನ್ನನ್ನು ಒಯ್ದವನು ಕಾನೂನು ವಿಭಾಗದ ಈರಪ್ಪ. ಮೂರು ವರ್ಷ ಕಲಮುಗಳನ್ನು ಕುಟ್ಟಿ ಕುಟ್ಟಿ ಬರೆದು ವಕೀಲನಾಗಿ ಹೋದ. ಆಮೇಲೆ ಬಿ.ಎಡ್. ಓದುತ್ತಿದ್ದ ಶಕುಂತಲಾ ಬಂದಳು. ಆಕೆಯ ಬೆರಳು ಮೆತ್ತಗೆ, ಪಾಠದ ಟಿಪ್ಪಣಿಗಳು ಉದ್ದ. ಇತಿಹಾಸದವರು, ಕನ್ನಡ ಎಂ.ಎ.ದವರು, ಸಮಾಜಕಾರ್ಯದವರು, ಎಲ್ಲರ ಕೈಯಲ್ಲೂ ಇದ್ದೆ. ವಿಜ್ಞಾನದ ಕಟ್ಟಡಗಳ ಕಡೆ ಮಾತ್ರ ಯಾರೂ ನನ್ನನ್ನು ಒಯ್ಯಲಿಲ್ಲ. ಅದು ನಮ್ಮ ದಾರಿಯಲ್ಲವೆಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಮಹಾನಂದಾ ಕಡೇಮನಿ ಬಂದದ್ದು ಒಂದು ಜುಲೈ ತಿಂಗಳಲ್ಲಿ. ಹುಟ್ಟಿನಿಂದಲೇ ಆಕೆಗೆ ಕಣ್ಣಿಲ್ಲ. ಬಿ.ಎ.ದಲ್ಲಿ ಅರ್ಥಶಾಸ್ತ್ರದ ಜೊತೆ ಗಣಿತ ಓದಿದ್ದಳು. ಗಣಿತದ ಸ್ನಾತಕೋತ್ತರ ಪ್ರವೇಶದ ಪಟ್ಟಿಯಲ್ಲಿ ಅವಳದು ಒಂಬತ್ತನೆಯ ಹೆಸರು. ಗ್ರಂಥಪಾಲಕಿ ಜೀನತ್ ಬೇಗಂ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವಳ ಜೊತೆ ಗಣಿತ ವಿಭಾಗಕ್ಕೆ ನಡೆದರು.

ಮುಖ್ಯಸ್ಥರಾದ ಪ್ರೊಫೆಸರ್ ಕೊಪ್ಪರ ಒಳ್ಳೆಯವರು, ಆದರೆ ಅಂಜುವವರು. ನನ್ನನ್ನು ನೋಡಿದರು, ಅವಳನ್ನು ನೋಡಿದರು.

"ತಂಗಿ, ಇಲ್ಲಿ ಎಲ್ಲಾ ಬೋರ್ಡಿನ ಮ್ಯಾಲ ನಡೀತೈತಿ. ನಿನಗ ಹೆಂಗ ತಿಳೀಬೇಕು? ಅರ್ಥಶಾಸ್ತ್ರ ಎಂ.ಎ.ಕ್ಕ ಸೀಟು ಕೊಡಸ್ತೀನಿ, ಆರಾಮ ಓದು."

"ಬರಿಯೂಮುಂದ ಬಾಯಿಲೆ ಹೇಳ್ರಿ ಸರ್. ಉಳದದ್ದು ನಾ ನೋಡ್ಕೋತೀನಿ."

ಕೊಪ್ಪರ ಅವಳ ಅರ್ಜಿಯನ್ನು ತಿರುವಿ ತಿರುವಿ ನೋಡಿದರು. ಇಪ್ಪತ್ತೆಂಟು ವರ್ಷ ಅವರು ಮಾತಿಲ್ಲದೆ ಬರೆದೇ ಪಾಠ ಮಾಡಿದವರು. ಕೊನೆಗೆ ಅರ್ಜಿಗೆ ಸಹಿ ಹಾಕಿದರು.

ಮೊದಲ ವಾರ ಅವರ ನಾಲಗೆ ತೊಡರುತ್ತಿತ್ತು. ಬರೆದದ್ದನ್ನು ಹೇಳಲು ಮರೆತು, ಹಿಂದಕ್ಕೆ ಬಂದು, ಮತ್ತೆ ಹೇಳುತ್ತಿದ್ದರು. ನನ್ನ ಟಕಟಕ ಸದ್ದಿಗೆ ಮುಂದಿನ ಸಾಲಿನವರು ಗೊಣಗಿದರು. ಮಹಾನಂದಾ ಮರುದಿನ ಹಾಸ್ಟೆಲಿನಿಂದ ತನ್ನ ಹಳೆಯ ಕೌದಿ ತಂದು ನಾಲ್ಕು ಮಡಿಕೆ ಮಾಡಿ ನನ್ನ ಕೆಳಗೆ ಹಾಸಿದಳು. ಸದ್ದು ಇಳಿಯಿತು. ತಿಂಗಳು ಕಳೆಯುವುದರೊಳಗೆ ಗೊಣಗಿದವರೇ ಅವಳ ಪಕ್ಕಕ್ಕೆ ಬಂದು ಕೂತು, "ಸರ್ ಆವಾಗ ಏನಂದ್ರ?" ಎಂದು ಕೇಳತೊಡಗಿದರು.

ಪರೀಕ್ಷೆ ಬಂತು. ಬರೆಯಲು ಬೇರೆಯವರನ್ನು ಕೊಡುತ್ತೇವೆ, ಆದರೆ ಅವರಿಗೆ ಗಣಿತ ಗೊತ್ತಿರಬಾರದು ಎಂದಿತ್ತು ನಿಯಮ. ಗಣಿತ ಗೊತ್ತಿಲ್ಲದವರು ಅದರ ಚಿಹ್ನೆಗಳನ್ನು ಬರೆಯುವುದು ಹೇಗೆ? ಕೊಪ್ಪರ ಅಲೆದಾಡಿ, ಅವಳು ನನ್ನ ಮೇಲೆಯೇ ಬರೆಯಲು ಅಪ್ಪಣೆ ತಂದರು. ಸಂಗೀತ ವಿಭಾಗದ ರುದ್ರಯ್ಯ ಮಾಸ್ತರರಿಗೂ ಕಣ್ಣಿರಲಿಲ್ಲ, ಬ್ರೈಲ್ ಬರುತ್ತಿತ್ತು. ಅವರು ಚುಕ್ಕಿಗಳನ್ನು ಓದಿ ಹೇಳುವುದು, ಕೊಪ್ಪರ ಕೇಳಿ ಅಂಕ ಹಾಕುವುದು ಎಂದಾಯಿತು.

ನಾಲ್ಕು ವಿಷಯಗಳನ್ನು ಅವಳು ಬರೆದಳು. ಅಷ್ಟು ಖಚಿತವಾದ ಬೆರಳುಗಳನ್ನು ನಾನು ಕಂಡಿರಲಿಲ್ಲ. ಹಾಳೆಗಳು ಪರೀಕ್ಷಾ ವಿಭಾಗಕ್ಕೆ ಹೋದವು.

ಒಂದೂವರೆ ತಿಂಗಳ ಮೇಲೆ, ಓದಿಸಿ ಅಂಕ ಹಾಕಲೆಂದು, ಅವು ಗ್ರಂಥಾಲಯಕ್ಕೆ ಬಂದವು. ಜೀನತ್ ಬೇಗಂ ಕಟ್ಟು ಬಿಚ್ಚಿ ನನ್ನ ಪಕ್ಕದಲ್ಲೇ ಇಟ್ಟರು. ರುದ್ರಯ್ಯ ಮಾಸ್ತರರು ಮೊದಲ ಹಾಳೆಯ ಮೇಲೆ ಕೈಯಾಡಿಸಿದರು. ಮತ್ತೊಮ್ಮೆ ಆಡಿಸಿದರು. ಎರಡನೆಯದು ತೆಗೆದುಕೊಂಡರು, ಮೂರನೆಯದು.

"ಇದರಾಗ ಏನೂ ಇಲ್ರಿ," ಎಂದರು. "ಬರೀ ಕಾಗದ."

ಉಳಿದ ಉತ್ತರಪತ್ರಿಕೆಗಳ ಜೊತೆ ಅವನ್ನೂ ಸುತಲಿಯಿಂದ ಬಿಗಿದು, ಮೇಲೆ ಇನ್ನೆಷ್ಟೋ ಕಟ್ಟುಗಳನ್ನು ಒಟ್ಟಿದ್ದರು. ಭಾರಕ್ಕೆ ಚುಕ್ಕಿಗಳೆಲ್ಲ ಚಪ್ಪಟೆಯಾಗಿದ್ದವು. ಯಾರೂ ಬೇಕೆಂದು ಮಾಡಿದ್ದಲ್ಲ. ಕಾಗದವನ್ನು ಕಟ್ಟಬೇಕೆನ್ನುವುದಷ್ಟೇ ಅಲ್ಲಿಯವರಿಗೆ ಗೊತ್ತಿತ್ತು.

ಸುದ್ದಿ ಕೇಳಿ ಬಂದ ಮಹಾನಂದಾ ಒಂದು ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡಳು. ಬೆರಳಿಗೆ ಸಿಗದ್ದು ಕೆನ್ನೆಗಾದರೂ ಸಿಗಬಹುದೆಂದಿರಬೇಕು. ಆಮೇಲೆ ನನ್ನ ಮೇಲೆ ಕೈಯಿಟ್ಟಳು. ಆರು ಬೆರಳು ಆರು ಕೀಲಿಗಳ ಮೇಲೆ ಕೂತವು. ಒಂದನ್ನೂ ಒತ್ತಲಿಲ್ಲ.

ಮರುಪರೀಕ್ಷೆಗೆ ನಿಯಮದಲ್ಲಿ ಅವಕಾಶವಿಲ್ಲವೆಂದು ಪತ್ರ ಬಂತು. ಆ ವರ್ಷ ಹೋಯಿತು. ಅವಳ ಅಪ್ಪ ಹಾಸ್ಟೆಲಿನಿಂದ ಟ್ರಂಕು ಹೊತ್ತು, ಪುಸ್ತಕ ಮರಳಿಸಲು ಮಗಳ ಜೊತೆ ಗ್ರಂಥಾಲಯಕ್ಕೆ ಬಂದ ದಿನ ಕೊಪ್ಪರ ತಾವೇ ಬಂದು ಅವನ ಎದುರು ನಿಂತರು.

"ತಪ್ಪು ನಂದು. ಹಾಳಿ ಎಲ್ಲಿಡ್ತಾರ ಅಂತ ನಾ ಕೇಳಬೇಕಿತ್ತು. ಈ ಹುಡುಗೀನ ಇನ್ನೊಂದು ವರ್ಷ ನನ್ನ ಕಡೆ ಬಿಡ್ರಿ, ಯಜಮಾನ್ರ."

ಅಪ್ಪ ಮಗಳ ಕಡೆ ತಿರುಗಿದ. "ನೀ ಏನಂತೀ ಮಗಳ?"

"ಅದನ್ನ ಮತ್ತ ಬರೀತೀನಪ್ಪಾ. ನನಗ ಬರತೈತಿ."

ಟ್ರಂಕು ಹಾಸ್ಟೆಲಿಗೆ ಮರಳಿತು.

ಮರುವರ್ಷ ಒಂದೊಂದು ಪರೀಕ್ಷೆ ಮುಗಿದಾಗಲೂ ಕೊಪ್ಪರ ಬಾಗಿಲಲ್ಲೇ ಕಾಯುತ್ತಿದ್ದರು. ಹಾಳೆಗಳನ್ನು ಸೀರೆ ಅಂಗಡಿಯ ರಟ್ಟಿನ ಡಬ್ಬಿಯಲ್ಲಿ ಸಡಿಲವಾಗಿಟ್ಟು ಮೊಹರು ಹಾಕಿಸಿ, ಡಬ್ಬಿಯನ್ನು ಎರಡೂ ಅಂಗೈ ಮೇಲೆ ಹೊತ್ತು ನಡೆಯುತ್ತಿದ್ದರು. ರಸಾಯನಶಾಸ್ತ್ರ ದಾಟಿ, ಪತ್ರಿಕೋದ್ಯಮ ದಾಟಿ, ಕಾನೂನು ವಿಭಾಗದ ಮೆಟ್ಟಿಲ ಮುಂದಿನಿಂದ ಪರೀಕ್ಷಾ ವಿಭಾಗದವರೆಗೆ. ನೋಡಿ ನಕ್ಕವರೂ ಇದ್ದರು.

ಓದುವ ಕೆಲಸ ಸಂಗೀತ ವಿಭಾಗದ ಕೋಣೆಯಲ್ಲಿ ಮೂರು ದಿನ ನಡೆಯಿತು. ಅನುಮಾನ ಬಂದರೆ ಒತ್ತಿ ನೋಡಲು ನನ್ನನ್ನೂ ಒಯ್ದಿದ್ದರು. ರುದ್ರಯ್ಯ ಮಾಸ್ತರರಿಗೆ ಗಣಿತ ಬಾರದು. ಒಂದರಿಂದ ಆರರವರೆಗೆ ಯಾವ ಯಾವ ಚುಕ್ಕಿ ಎದ್ದಿದೆಯೋ ಅದರ ಸಂಖ್ಯೆ ಹೇಳುತ್ತ ಹೋದರು. ಕೊಪ್ಪರರಿಗೆ ಬ್ರೈಲ್ ಬಾರದು. ಚಿಹ್ನೆಗಳ ಪಟ್ಟಿ ಮುಂದಿಟ್ಟುಕೊಂಡು ಬರೆದುಕೊಂಡರು. ಎರಡನೆಯ ದಿನ ಒಂದು ಕಠಿಣ ಪ್ರಶ್ನೆಯ ಉತ್ತರ ಮುಗಿದಾಗ ಕೊಪ್ಪರ ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು.

"ಏನಾತ್ರಿ, ತಪ್ಪೈತೇನ?" ಮಾಸ್ತರರು ಕೇಳಿದರು.

"ಇಲ್ರಿ. ಸರಿ ಐತಿ. ನಾ ಕಲಿಸಿದ್ದಕ್ಕಿಂತ ಸಣ್ಣದಾಗಿ ಮಾಡ್ಯಾಳ."

ಎರಡು ವರ್ಷದ ಓದನ್ನು ಮಹಾನಂದಾ ಮೂರು ವರ್ಷಕ್ಕೆ ಮುಗಿಸಿದಳು. ಘಟಿಕೋತ್ಸವದ ಹೊತ್ತಿಗೆ ಕೊಪ್ಪರ ನಿವೃತ್ತರಾಗಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದರೆಂದು ಜೀನತ್ ಬೇಗಂ ಬಂದು ಹೇಳಿದರು. ಅವಳೀಗ ಬೇರೆ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಪರೀಕ್ಷಾ ವಿಭಾಗದ ಸುತ್ತೋಲೆಗೆ ಒಂದು ಸಾಲು ಸೇರಿತು: ಬ್ರೈಲ್ ಹಾಳೆಗಳನ್ನು ಕಟ್ಟಬಾರದು, ಮೇಲೆ ಭಾರ ಇಡಬಾರದು. ಯಾಕೆಂದು ಅದರಲ್ಲಿ ಬರೆದಿಲ್ಲ.

ನನಗೂ ವಯಸ್ಸಾಯಿತು. ನಾಲ್ಕನೆಯ ಕೀಲಿ ಒಳಗೇ ಕೂತುಬಿಟ್ಟಿದೆ, ಅದರ ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಈಗಿನವರಿಗೆ ಮಾತಾಡುವ ಕಂಪ್ಯೂಟರುಗಳಿವೆ. ನನ್ನನ್ನು ಗ್ರಂಥಾಲಯದ ಬಾಗಿಲ ಹೊರಗಿನ ಪಡಸಾಲೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಹೊರಗೆ ಒಂದು ಚೀಟಿ, ಶಾಯಿಯಲ್ಲಿ ಬರೆದದ್ದು. ಯಾರು ನನ್ನನ್ನು ಬಳಸಿದರೋ ಅವರಿಗೆ ಅದನ್ನು ಓದಲಾಗದು, ಗಾಜಿನೊಳಗೆ ಮುಟ್ಟಲೂ ಆಗದು. ಮೊದಮೊದಲು ಇದಕ್ಕೆ ಬಹಳ ನೊಂದುಕೊಂಡೆ.

ಈ ಜುಲೈಯಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಹುಡುಗಿಯೊಬ್ಬಳು ಬಂದು ನಿಂತಳು. ಕೈಯಲ್ಲಿ ಬಿಳಿ ಕೋಲು. ನನ್ನ ಗಾಜಿಗೆ ಬೆನ್ನು ಆನಿಸಿ ಮನೆಗೆ ಫೋನು ಮಾಡಿದಳು.

"ಗಣಿತಕ್ಕ ಸೀಟು ಸಿಕ್ಕೈತಿ ಯವ್ವಾ. ಇಲ್ಲ, ಯಾರೂ ಏನೂ ಕೇಳಲಿಲ್ಲ. ಪರೀಕ್ಷಾಕ್ಕ ಎಲ್ಲಾ ವ್ಯವಸ್ಥಾ ಐತಂತ. ನೀ ಕಾಳಜಿ ಮಾಡಬ್ಯಾಡ."

ಆ ಚಪ್ಪಟೆ ಹಾಳೆಗಳ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಹೇಳಲು ನನಗೆ ಬಾಯಿಲ್ಲ. ಇದ್ದಿದ್ದರೂ ಆ ಹೊತ್ತು ಸುಮ್ಮನಿರುತ್ತಿದ್ದೆ ಎಂದು ತೋರುತ್ತದೆ. ಬಾಗಿಲು ತೆರೆಯಿತು, ಅವಳು ಯಾರನ್ನೂ ಏನೂ ಕೇಳದೆ ಒಳಗೆ ಹೋದಳು.