ಮ್ಯಾನೇಜರನ ಮೀನು

ಸ್ವರ್ಣಲತಾ ಬಚ್ಚಲಿನ ಚಿಲಕ ಹಾಕಿ, ನಲ್ಲಿ ಬಿಟ್ಟು, ಊದುಬತ್ತಿ ಹಚ್ಚಿ ಕಿಟಕಿಯ ಸಂದಿಗೆ ಸಿಕ್ಕಿಸಿ, ಆಮೇಲೆ ಮೀನಿನ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು. ಮಗುಚಿಟ್ಟ ಬಕೆಟಿನ ಮೇಲೆ ಮ್ಯಾನೇಜರ್ ಕುಳಿತಿದ್ದ. ಇಷ್ಟೆಲ್ಲ ಪೂಜೆ ತನಗೇ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಬೆಕ್ಕುಗಳಿಗೆ ಅಂಥ ಸಂಶಯ ಬರುವುದೂ ಇಲ್ಲ.

ಮ್ಯಾನೇಜರ್ ಅವರ ಹೋಟೆಲಿನ ಬೆಕ್ಕು. ಮರಾಠಿ ಸೀಮೆಯ ಧನಕವಡಿಯ ಒಂದು ಕಟ್ಟಡದಲ್ಲಿ ಕೆಳಗೆ ಸ್ವರ್ಣಲತಾಳ ಗಂಡ ಸದಾನಂದ ಶೆಟ್ಟಿಯ ಹೋಟೆಲು, ನಡುವೆ ಕಟ್ಟಡದ ಮಾಲೀಕ ನಿಜಲಿಂಗಪ್ಪನವರು, ಮೇಲೆ ಶೆಟ್ಟಿ ದಂಪತಿಯ ಬಾಡಿಗೆ ಮನೆ. ಹಗಲೆಲ್ಲ ಗಲ್ಲಾದ ಪಕ್ಕ ಕಣ್ಣು ಮುಚ್ಚಿ ಕುಳಿತು, ಗಿರಾಕಿ ಎದ್ದುಹೋಗುವಾಗ ಮಾತ್ರ ಒಂದು ಕಣ್ಣು ತೆರೆಯುತ್ತಿದ್ದುದರಿಂದ ಅವನಿಗೆ ಆ ಹುದ್ದೆ ಸಿಕ್ಕಿತ್ತು. ಹೊರಗಿನ ಬೋರ್ಡು 'ಶುದ್ಧ ಶಾಕಾಹಾರಿ' ಅನ್ನುತ್ತಿದ್ದರೂ ಅಕ್ಕಿಮೂಟೆಗಳ ಹಿಂದೆ, ಇಲಿಗಳ ವಿಷಯದಲ್ಲಿ, ಅವನು ಅಷ್ಟು ಶುದ್ಧನಾಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ.

ಉಳಿದ ಹೊತ್ತಿಗೆ ಪ್ಯಾಕೆಟಿನಲ್ಲಿ ಬರುವ ಬೆಕ್ಕಿನ ತಿಂಡಿ, ಒಣ ಕಾಳು. ಅದನ್ನೇ ತಿಂದು, ನೀರು ಮುಟ್ಟದೆ, ಹೋದ ವಾರ ಅವನಿಗೆ ಮೂತ್ರ ಕಟ್ಟಿಬಿಟ್ಟಿತು. ಮೂಲೆಯಲ್ಲಿ ಮುದುಡಿ ಕೂಗತೊಡಗಿದ. ಪ್ರಾಣಿಗಳ ಡಾಕ್ಟರು ನಳಿಗೆ ಹಾಕಿ ಉಳಿಸಿದರು. ಒಣ ತಿಂಡಿ ಬಂದ್, ನೀರಿನ ಅಂಶ ಇರುವ ಮೀನೇ ಕೊಡಿ, ಇನ್ನೊಮ್ಮೆ ಕಟ್ಟಿದರೆ ಉಳಿಯುವುದು ಕಷ್ಟ ಎಂದರು. ಮನೆಗೆ ಬಂದ ಮೇಲೂ ಮ್ಯಾನೇಜರ್ ಮೂತ್ರಕ್ಕೆಂದಿಟ್ಟ ಮರಳಿನ ಟ್ರೇಯಲ್ಲಿ ಹನಿಹನಿಯಾಗಿಯೇ ಲೆಕ್ಕ ಒಪ್ಪಿಸುತ್ತಿದ್ದ.

ಹಿಂಜವಾಡಿಗೆ ಐಟಿ ಕಂಪನಿಗಳ ಬಸ್ಸುಗಳು ಆಗಷ್ಟೇ ಓಡತೊಡಗಿದ್ದ ಕಾಲ. ಬೆಕ್ಕಿನ ಮೀನಿನ ಡಬ್ಬಿ ಬೇಕೆಂದರೆ ದೂರದ ದಂಡು ಪ್ರದೇಶ ಕ್ಯಾಂಪಿನ ಅಂಗಡಿಗೇ ಹೋಗಬೇಕು. ಅವಳು ಹೋಗಿ ತಂದಳು. ತೊಂದರೆ ತರುವುದರಲ್ಲಿರಲಿಲ್ಲ, ತೆರೆಯುವುದರಲ್ಲಿತ್ತು. ಬಾಡಿಗೆ ಮಾತಾಡಿದ ದಿನ ನಿಜಲಿಂಗಪ್ಪನವರು ಹಾಕಿದ್ದು ಒಂದೇ ಷರತ್ತು: ಮೀನು ಮೆಟ್ಟಿಲು ಹತ್ತಬಾರದು. ಮದುವೆಯಾಗಿ ಬಂದಾಗಿನಿಂದ ಮೀನು ತಿನ್ನಬೇಕೆನಿಸಿದರೆ ಸ್ವರ್ಣಲತಾ ಭಾನುವಾರ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುತ್ತಿದ್ದಳು. ಬರುವಾಗ ಬಾಯಿ ತುಂಬ ಸೋಂಪು ಅಗಿಯುತ್ತ ಮೇಲೆ ಬರುತ್ತಿದ್ದಳು.

ಅವಳು ಡಬ್ಬಿ ತೆರೆದು ಮ್ಯಾನೇಜರನಿಗೆ ಬಡಿಸಿ ಮುಗಿಸುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ನಿಜಲಿಂಗಪ್ಪನವರು, ಅವರ ಹಿಂದೆ ಕೈ ಒರೆಸಿಕೊಳ್ಳುತ್ತ ಸದಾನಂದ.

"ಊದಿನಕಡ್ಡಿ ವಾಸನಿ ಬಂತು, ಪೂಜಾ ಅಂತ ತಿಳ್ಕೊಂಡೆ ತಂಗಿ. ಅದರ ಹಿಂದನ ಮೀನಾನೂ ಬಂತು," ಎಂದರು. ಸಿಟ್ಟಿರಲಿಲ್ಲ, ನಗುತ್ತಲೇ ಇದ್ದರು.

"ಬೆಕ್ಕಿಗೆ ಹುಷಾರಿಲ್ಲ, ಅದಕ್ಕೆ. ನಾಳೆಯಿಂದ ಒಣದ್ದೇ ಹಾಕ್ತೇವೆ," ಎಂದ ಸದಾನಂದ.

"ಒಣಾದ್ದು ಹಾಕ್ರಿ ಶೆಟ್ರ, ನಂದೇನೂ ತಕರಾರಿಲ್ಲ."

"ಒಣದ್ದರಲ್ಲೂ ಮೀನೇ ಇರುದು," ಎಂದಳು ಸ್ವರ್ಣಲತಾ. "ಪ್ಯಾಕೆಟಿನ ಮೇಲೆ ಚಿತ್ರ ಉಂಟು, ತೋರಿಸ್ಲಾ?"

"ಇರಲಿ ಬಿಡ್ರಿ. ವಾಸನಿ ಬರಂಗಿಲ್ಲಲ್ಲ." ಅವರ ದನಿ ಇನ್ನಷ್ಟು ಮೃದುವಾಯಿತು. "ಈಗ ನಿಮ್ಮನ್ನ ನೋಡ್ರಿ. ನೀವು ಮೀನಾ ತಿನ್ನೋ ಮಂದಿ ಅಂತ ನನಗ ಗೊತ್ತಿಲ್ಲೇನು? ಆದ್ರ ಇಷ್ಟು ವರ್ಷದಾಗ ಒಂದಿನಾ ಹಂಗ ಅನಿಸಿಲ್ಲ. ನಮ್ಮ ಮನಿಯಾಕಿಗೆ ಹೇಳ್ತಿರ್ತೀನಿ, ಇದ್ರ ಹಿಂಗ ಇರಬೇಕು ಅಂತ."

ಸದಾನಂದ ಹಾರ ಹಾಕಿಸಿಕೊಂಡವನಂತೆ ತಲೆ ತಗ್ಗಿಸಿ ನಕ್ಕ. ಸ್ವರ್ಣಲತಾಳಿಗೆ, ಇಷ್ಟು ವರ್ಷ ಯಾರೋ ದಿನಾ ತನ್ನನ್ನು ಮೂಸಿ ನೋಡಿ ಪಾಸು ಮಾಡಿ ಕಳಿಸುತ್ತಿದ್ದರು ಅನ್ನಿಸಿತು.

"ಇನ್ನು ಹಾಗೆ ಅನಿಸ್ತದೆ," ಎಂದಳು.

"ಲತಾ..." ಎಂದ ಸದಾನಂದ.

"ಬೆಕ್ಕು ಸಾಯುದು ಬೇಡ ನನಗೆ. ಒದ್ದೆದ್ದೇ ಹಾಕುದು. ಅದೂ ಬಚ್ಚಲಲ್ಲಿ ಅಲ್ಲ, ಅಡುಗೆಮನೆಯಲ್ಲಿ."

ನಿಜಲಿಂಗಪ್ಪನವರ ನಗು ಜಾರಿತು. "ಮುಂದಿನ ತಿಂಗಳ ಅಗ್ರಿಮೆಂಟ್ ಮುಗೀತದ ನೋಡ್ರಿ ಶೆಟ್ರ."

"ಮುಗೀಲಿ," ಎಂದಳು ಅವಳೇ. "ಮನೆ ಬಿಡುವ, ಹೋಟೆಲೂ ಬಿಡುವ. ನೀವು ಬೆಳಿಗ್ಗೆ ಇಡ್ಲಿಗೆ ಎಲ್ಲಿಗೆ ಹೋಗ್ತೀರಿ ಅಂತ ಈಗಲೇ ನೋಡಿಟ್ಟುಕೊಳ್ಳಿ."

"ಇಡ್ಲಿ ಯಾಕ ನಡುವ ತರ್ತೀರಿ ತಂಗಿ?" ನಿಜಲಿಂಗಪ್ಪನವರಿಗೆ ನಿಜವಾಗಿಯೂ ನೋವಾಗಿತ್ತು. ಇಳಿದು ಹೋದರು.

"ಒಂದು ಬೆಕ್ಕಿಗೋಸ್ಕರ ನನ್ನ ಹೊಟ್ಟೆಗೆ ಹೊಡಿತೀಯಲ್ಲ ಮಾರಾಯ್ತಿ," ಎಂದ ಸದಾನಂದ. "ಇದು ಹೋದ್ರೆ ಇನ್ನೊಂದು ತರುವ."

"ಹೌದು, ಮ್ಯಾನೇಜರ್ ಹೋದ್ರೆ ಇನ್ನೊಬ್ಬ ಮ್ಯಾನೇಜರ್. ಹೆಂಡ್ತಿ ಹೋದ್ರೆ?"

ಅದಕ್ಕೆ ಉತ್ತರ ಕೆಳಗೆ ಗಲ್ಲಾದಲ್ಲಿದೆ ಎಂಬಂತೆ ಅವನು ಮೆಟ್ಟಿಲಿಳಿದ.

ಮರುದಿನ ಅವಳು ಮಾರ್ಕೆಟ್ಟಿಗೆ ಹೋಗಿ ಬಂಗುಡೆ ಮೀನು ತಂದಳು. ಒಳಗಿನದೆಲ್ಲ ಹೊರಗೆ ಕಾಣುವ ತೆಳು ಪ್ಲಾಸ್ಟಿಕ್ ಚೀಲ, ಮೇಲೆ ಇಣುಕುವ ಬಾಲಗಳು. ಹಿಂದಿನ ಮೆಟ್ಟಿಲಿತ್ತು, ಅವಳು ಮುಂದಿನದನ್ನೇ ಹತ್ತಿದಳು. ನಿಜಲಿಂಗಪ್ಪನವರು ಬಾಗಿಲಲ್ಲಿ ಪೇಪರು ಹಿಡಿದು ಕುಳಿತಿದ್ದರು.

"ಬಂಗುಡೆ," ಎಂದಳು, ನಿಂತು. "ಇವತ್ತು ಭಾರೀ ತಾಜಾ ಉಂಟು."

ಅವರು ಪೇಪರನ್ನು ಮೂಗಿನವರೆಗೆ ಏರಿಸಿದರು.

ಬೆಕ್ಕಿಗೆಂದು ಒಂದೆರಡನ್ನು ಉಪ್ಪು ಖಾರ ಇಲ್ಲದೆ ಬರೀ ನೀರಿನಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ಬೇಯಿಸಿದ ನೀರನ್ನೂ ಸೇರಿಸಿ ಬಟ್ಟಲಿಗೆ ಸುರಿದಳು. ಉಳಿದ ಮೀನು ಅವಳನ್ನೇ ನೋಡುತ್ತಿತ್ತು. ಅವಳು ಮೆಣಸು ಹುರಿದಳು, ಕೊತ್ತಂಬರಿ ಹುರಿದಳು, ತೆಂಗಿನಕಾಯಿ ತುರಿದಳು. ಹುಣಸೆ ಹಾಕಿ ರುಬ್ಬಿ, ಮೀನು ಸೇರಿಸಿ ಒಲೆಗಿಟ್ಟಳು. ಸಾರು ಕುದಿ ಬಂದಾಗ ಅಡುಗೆಮನೆಯ ಕಿಟಕಿಯ ಎರಡೂ ಕದ ತೆರೆದಳು.

ವಾಸನೆ ಬಾಡಿಗೆದಾರನ ಹಾಗೆ ಅಳುಕುತ್ತ ಹೋಗಲಿಲ್ಲ. ನಡು ಅಂತಸ್ತಿನಲ್ಲಿ ಕಿಟಕಿಗಳು ಒಂದಾದ ಮೇಲೊಂದು ಮುಚ್ಚಿಕೊಂಡವು. ಅಲ್ಲಿ ಜಾಗ ಸಿಗದೆ ಅದು ಹೋಟೆಲಿಗೆ ಇಳಿಯಿತು. ಕೆಳಗಿನ ತಟ್ಟೆ ಲೋಟಗಳ ಸದ್ದಿನ ನಡುವೆ ಯಾರೋ ಗಿರಾಕಿ ಇವತ್ತೇನು ಸ್ಪೆಷಲ್ ಎಂದು ಮರಾಠಿಯಲ್ಲಿ ಕೇಳಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು: "ಅಣ್ಣಾ, ಆಜ್ ಕಾಯ್ ಸ್ಪೆಷಲ್?"

ಅವಳು ಸೌಟು ತಿರುವುವುದನ್ನು ನಿಲ್ಲಿಸಿದಳು.

"ತೆ ಘರ್ಚ ಆಹೆ," ಎಂದಿತು ಸದಾನಂದನ ದನಿ. ಅದು ನಮ್ಮ ಮನೆಯದು.

ಮ್ಯಾನೇಜರ್ ಬಟ್ಟಲನ್ನು ಕೊನೆಯ ಹನಿಯವರೆಗೆ ನೆಕ್ಕಿ, ಬಾಗಿಲ ಹಿಂದಿನ ಮರಳಿನ ಟ್ರೇಗೆ ಹೋದ. ಕೆರೆದ, ತಿರುಗಿದ, ಕುಳಿತ. ಸ್ವರ್ಣಲತಾ ಉರಿ ಸಣ್ಣ ಮಾಡಿ ಉಸಿರು ಹಿಡಿದು ನಿಂತಳು. ಅವನು ಕಚೇರಿ ಕೆಲಸದಲ್ಲಿರುವವರಂತೆ ಗೋಡೆ ನೋಡುತ್ತ ಬಹಳ ಹೊತ್ತು ಹಾಗೆಯೇ ಇದ್ದ. ಆಮೇಲೆ ಎದ್ದು, ಬಾಲ ನಿಗುರಿಸಿ, ಅವಳ ಕಾಲಿಗೆ ಮೈ ಸವರಿ ಹೊರಟುಹೋದ.

ಅವಳು ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದಳು. ಒಣ ಮರಳಿನ ನಡುವೆ ಅಂಗೈಯಗಲದ ಒದ್ದೆ, ಇನ್ನೂ ಹರಡುತ್ತಿತ್ತು.