ಒಣ ಬ್ರೆಡ್ಡಿನ ಆಹಾ

ಕನ್ನಡಕದಂಗಡಿಯವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಈಗ ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಅವನು ಆಹಾ ಅಣ್ಣ. ಕಣ್ಣಿನ ನಂಬರು ಹೆಚ್ಚಾಗಿದೆಯೆಂದು ಗಾಬರಿಯಿಂದ ಅಂಗಡಿಗೆ ಬಂದವರೂ ಅವನ ಮುಖ ನೋಡಿದ ಕೂಡಲೇ ಗಾಬರಿ ಮರೆತು, "ಅಯ್ಯೋ, ನೀವು ಆಹಾ ಅಣ್ಣ ಅಲ್ವಾ? ಒಂದ್ಸಲ ಹೇಳಿ ನೋಡೋಣ" ಎನ್ನುತ್ತಾರೆ. ಅವನು ಹೇಳುತ್ತಾನೆ. ವ್ಯಾಪಾರಸ್ಥ, ಇಲ್ಲವೆನ್ನಲು ಆಗುತ್ತದೆಯೇ? ಕಣ್ಣು ಮುಚ್ಚಿ, ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ, ಉದ್ದಕ್ಕೆ ಎಳೆದು "ಆಹಾ..." ಎನ್ನುತ್ತಾನೆ. ಅವರು ನಗುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಕನ್ನಡಕ ಮುಂದಿನ ತಿಂಗಳು ನೋಡೋಣವೆಂದು ಹೊರಟುಹೋಗುತ್ತಾರೆ.

ಈ ಕೀರ್ತಿಯೆಲ್ಲ ಅವನ ಹೆಂಡತಿಯ ಕೃಪೆ. ಆಕೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೊರಗಿನ ಮೇಜಿನ ಹಿಂದೆ ಕೂತು, ಕೆನ್ನೆ ಹಿಡಿದುಕೊಂಡು ಬಂದವರನ್ನು ಸರದಿಯಲ್ಲಿ ಕೂರಿಸುವವಳು. ಸಂಜೆ ಮನೆಗೆ ಬಂದು, ಕೈಚೀಲ ಕೆಳಗಿಡುವ ಮೊದಲೇ ಒಲೆ ಹಚ್ಚಬೇಕಾದ ಎಲ್ಲ ಹೆಂಗಸರ ಹಾಗೆ ಆಕೆಯೂ ಸುಲಭದ ದಾರಿ ಹುಡುಕಿದಳು. ಅಲ್ಲಿಯವರೆಗೆ ತಪ್ಪೇನಿಲ್ಲ. ಆ ದಾರಿಯನ್ನು ಲೋಕಕ್ಕೆಲ್ಲ ತೋರಿಸಬೇಕೆಂಬ ಆಸೆ ಹುಟ್ಟಿದಾಗ ಕಷ್ಟ ಶುರುವಾಯಿತು. ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿ ನಿಲ್ಲಿಸಿದಳು. 'ಮೂರೇ ಸಾಮಾನು, ಹತ್ತೇ ನಿಮಿಷ' ಎಂಬ ಚಾನೆಲ್ ಹುಟ್ಟಿತು.

ಮೂರೇ ಸಾಮಾನು ಎಂದರೆ ಮೂರೇ. ನಾಲ್ಕನೆಯದಕ್ಕೆ ಆ ಅಡುಗೆಮನೆಯಲ್ಲಿ ಪ್ರವೇಶವಿಲ್ಲ. ಆಲೂಗಡ್ಡೆ, ಮೈದಾ, ಖಾರದ ಪುಡಿ ಸೇರಿ ಲೆಕ್ಕ ಮುಗಿಯಿತೆಂದು ಉಪ್ಪನ್ನೇ ಕೈಬಿಟ್ಟ ದಿನವೂ ಇತ್ತು. ಹತ್ತು ನಿಮಿಷ ಎಂದರೆ ಹತ್ತೇ. ಒಳಗೆ ಬೆಂದಿದೆಯೋ ಇಲ್ಲವೋ ಎಂಬುದು ತಿನ್ನುವವನ ತಲೆನೋವು. ಬಿಸ್ಕತ್ತು ಪುಡಿಮಾಡಿ ಹಾಲಿನಲ್ಲಿ ಕಲಸಿ ಕುಕ್ಕರಿನಲ್ಲಿಟ್ಟರೆ ಅದು ಕೇಕ್. ಬಾಳೆಹಣ್ಣು ಕಿವುಚಿ ಫ್ರೀಜರಿಗೆ ತಳ್ಳಿದರೆ ಐಸ್‌ಕ್ರೀಂ. ಬ್ರೆಡ್ಡಿನ ಮೇಲೆ ಟೊಮೆಟೊ ಸವರಿ ಬಾಣಲೆಯಲ್ಲಿ ಮುಚ್ಚಿಟ್ಟರೆ ಪಿಜ್ಜಾ. ಹೆಸರಿಡುವುದರಲ್ಲಿ ಮಾತ್ರ ಆಕೆ ಎಂದೂ ಜಿಪುಣತನ ಮಾಡಿದವಳಲ್ಲ.

ಪ್ರತಿ ವೀಡಿಯೊದ ಕೊನೆಗೆ ಗಂಡ ಬಂದು ಒಂದು ತುತ್ತು ಬಾಯಿಗಿಟ್ಟುಕೊಂಡು ಹೇಗಿದೆಯೆಂದು ಹೇಳಬೇಕು. ಮೊದಲನೆಯ ದಿನ ಅವನು, ಪಾಪ, ನಿಜ ಹೇಳಿದ್ದ. "ಮಧ್ಯದಲ್ಲಿ ಸ್ವಲ್ಪ ಹಸಿ ಹಸಿ ಇದೆ ಕಣೇ." ಅಷ್ಟೇ. ಆಕೆ ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು. ವಾರವಿಡೀ ಕ್ಲಿನಿಕ್ಕಿನ ದನಿಯಲ್ಲೇ ಮಾತಾಡಿಸಿದಳು. ಊಟಕ್ಕೆ ಬಂದರೆ, "ಕೂತ್ಕೊಳ್ಳಿ. ಸ್ವಲ್ಪ ಹೊತ್ತಾಗುತ್ತೆ. ಕರೀತೀವಿ."

ಮುಂದಿನ ವಾರ ಅವನಿಗೆ ಬುದ್ಧಿ ಬಂದಿತ್ತು. ಬಾಯಲ್ಲಿದ್ದದ್ದು ಮೊಟ್ಟೆಯೋ ಒದ್ದೆ ಕಾಗದವೋ ಎಂದು ತಿಳಿಯುವ ಮೊದಲೇ ಕಣ್ಣು ಮುಚ್ಚಿ "ಆಹಾ" ಎಂದುಬಿಟ್ಟ. ಆಕೆಯ ಮುಖ ಅರಳಿತು. ಸಂಜೆ ಕಾಫಿ ಕೇಳದೆಯೇ ಬಂತು. ಒಂದು ಪದಕ್ಕೆ ಇಷ್ಟು ಸುಖ ಸಿಗುವುದಾದರೆ ಯಾವ ಮೂರ್ಖ ಎರಡನೆಯ ಪದ ಆಡುತ್ತಾನೆ?

ಇದನ್ನು ಅವನು ಹೊಸದಾಗಿ ಕಲಿಯಬೇಕಾಗಿಯೂ ಇರಲಿಲ್ಲ. ಯಾವ ಮೂಗಿನ ಮೇಲೆ ಯಾವ ಫ್ರೇಮ್ ಕೂರಿಸಿದರೂ "ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎನ್ನುವುದು ಅವನ ಕಸುಬು. ಆದರೆ ಗಾಜಿನ ವಿಷಯಕ್ಕೆ ಬಂದರೆ ಬಲು ಕಟ್ಟುನಿಟ್ಟು. ಗೋಡೆಯ ಮೇಲಿನ ಅಕ್ಷರ ಕಾಣದಿದ್ದರೂ ಮರ್ಯಾದೆಗೆ ಅಂಜಿ ಕಾಣುತ್ತದೆ ಎನ್ನುವವರನ್ನು ಗದರಿಬಿಡುತ್ತಿದ್ದ. "ನನ್ನ ಹತ್ರ ಸುಳ್ಳು ಹೇಳಿದ್ರೆ ನಾಳೆ ಬಾಗಿಲಿಗೆ ಹಣೆ ಹೊಡ್ಕೊಳ್ಳೋರು ನೀವೇ. ಸರಿಯಾಗಿ ನೋಡಿ ಹೇಳಿ, ಇದು ಸ್ಪಷ್ಟವಾ, ಅದು ಸ್ಪಷ್ಟವಾ?" ಈ ಉಪದೇಶ ಅಂಗಡಿಯ ಷಟರ್ ಎಳೆದಾಗ ಒಳಗೇ ಉಳಿದುಬಿಡುತ್ತಿತ್ತು.

ಮನೆಯಲ್ಲಿ ಇನ್ನೊಂದು ಬಾಯಿಯೂ ಇತ್ತು, ಅವನ ತಾಯಿಯದು. ಮುದುಕಿ ಮಗನಿಗಿಂತ ಜಾಣೆ. ಸೊಸೆ ತಟ್ಟೆ ಹಿಡಿದು ಬರುವುದು ಕಂಡರೆ ಸಾಕು, ದವಡೆ ಮುಟ್ಟಿಕೊಂಡು "ನನಗೆ ಹಲ್ಲೆಲ್ಲಿದೆಯಮ್ಮಾ" ಎಂದು ಕೋಣೆ ಸೇರುತ್ತಿದ್ದಳು. ಆಮೇಲೆ ಆ ಕೋಣೆಯಿಂದ ಹುರಿದ ಕಡಲೆಬೀಜ ಕಟಕಟ ಕಡಿಯುವ ಸದ್ದು ಬರುತ್ತಿತ್ತು. "ನಮ್ಮ ಡಾಕ್ಟರಿಗೇ ತೋರಿಸೋಣ ಬನ್ನಿ ಅತ್ತೆ" ಎಂದು ಸೊಸೆ ಕರೆದರೆ, "ಈ ವಯಸ್ಸಲ್ಲಿ ಯಾಕಮ್ಮಾ ಆ ಉಸಾಬರಿ" ಎಂದು ತಪ್ಪಿಸಿಕೊಳ್ಳುತ್ತಿದ್ದಳು.

ಎಲ್ಲ ಸರಿ. ಒಂದೇ ತೊಡಕೆಂದರೆ, ಹೆಂಡತಿ ಅವನ ಆಹಾವನ್ನು ನಂಬಿದ್ದಳು. ವೀಡಿಯೊಗಳ ಕೆಳಗೆ ಜನ ಬಾಯಿಗೆ ಬಂದದ್ದು ಬರೆಯುತ್ತಿದ್ದರು. 'ನೀವು ಹೇಳಿದ ಹಾಗೇ ಮಾಡಿದೆ, ನಮ್ಮ ನಾಯಿಯೂ ಮೂಸಲಿಲ್ಲ' ಎಂದು ಒಬ್ಬ ಬರೆದಿದ್ದ. ಅಂಥದ್ದು ಓದಿದ ದಿನ ಆಕೆಯ ಮುಖ ಬಾಡುತ್ತಿತ್ತು. ಫೋನ್ ಮಗುಚಿಟ್ಟು, ಗಂಡನ ಪಕ್ಕ ಬಂದು ಕೂರುತ್ತಿದ್ದಳು. "ಯಾರು ಏನಾದ್ರೂ ಬರ್ಕೊಳ್ಲಿ ರೀ. ನಿಮಗೆ ಚೆನ್ನಾಗಿತ್ತಲ್ಲ, ನನಗೆ ಅಷ್ಟು ಸಾಕು. ನೀವು ನನ್ನ ಹತ್ರ ಸುಳ್ಳು ಹೇಳಲ್ಲ." ಆಗ ಅವನ ಪಾಡು ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಪಾಡು. ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಳೆ ಹೇಳೋಣ, ನಿಧಾನವಾಗಿ ಹೇಳೋಣ ಎಂದುಕೊಳ್ಳುತ್ತಿದ್ದ. ಮರುದಿನ ಹೊಸ ತಿಂಡಿ ಬರುತ್ತಿತ್ತು, ಹಳೆಯ ಆಹಾ ಹೊರಡುತ್ತಿತ್ತು.

ಶಾಲೆ ಶುರುವಾಗುವ ಕಾಲ ಬಂತು. ಮಕ್ಕಳಿಗೆಲ್ಲ ಕನ್ನಡಕ ಬೇಕಾಗುವ ಹೊತ್ತು ಅದು. ಅವನು ಅಂಗಡಿಯಿಂದ ಬರುವುದು ತಡವಾಗತೊಡಗಿತು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯ ಬೆಳಕು ಹೋಗಿರುತ್ತಿತ್ತು, ತಟ್ಟೆಯಲ್ಲಿದ್ದದ್ದು ತಣ್ಣಗಾಗಿರುತ್ತಿತ್ತು. ಹೆಂಡತಿ ಇದಕ್ಕೂ ಒಂದು ಸುಲಭೋಪಾಯ ಕಂಡುಹಿಡಿದಳು. ಭಾನುವಾರ ಒಂದೇ ಏಟಿಗೆ ತಿಂಗಳಿಗಾಗುವಷ್ಟು ಆಹಾ ತೆಗೆದಿಟ್ಟುಕೊಂಡರಾಯಿತು, ಬೇಕಾದಾಗ ಬೇಕಾದ ಅಡುಗೆಗೆ ಅಂಟಿಸಿದರಾಯಿತು.

ಅಂದು ಅವನು ಅಂಗಿ ಮೇಲೆ ಅಂಗಿ ಬದಲಾಯಿಸಿ ಕಿಟಕಿಯ ಮುಂದೆ ನಿಂತ. ಬಾಯಲ್ಲಿ ಏನಾದರೂ ಇರಬೇಕಲ್ಲ. ಡಬ್ಬಿಯ ತಳದಲ್ಲಿ ಒಣಗಿ ಅಂಚು ಸುರುಟಿದ ಬ್ರೆಡ್ ಚೂರುಗಳಿದ್ದವು. ಅಂಗಿಗೊಂದು ಚೂರು, ಚೂರಿಗೊಂದು ಆಹಾ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಕೊನೆಗೆ ಆಕೆ ಫ್ರಿಜ್ಜಿನಿಂದ ಒಂದು ಬಟ್ಟಲು ತೆಗೆದಳು. ಹಾಲು, ಮೊಟ್ಟೆ, ಕಂದಿಸಿದ ಸಕ್ಕರೆಯ ಪುಡಿಂಗ್. ಹಿಂದೆ ಎರಡು ಸಲ ಕೆಟ್ಟು, ಮೂರನೆಯ ಸಲ ಅಲುಗದೆ ನಿಂತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಆಕೆ ಅದನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ ನೋಡಿ ಕೊಟ್ಟಳು. "ಇದು ಮಾತ್ರ ನಿಜವಾದ ಆಹಾ ಆಗ್ಬೇಕು, ಆಯ್ತಾ?" ಸಕ್ಕರೆ ಕಂದದೆ ಕರಕಲಾಗಿತ್ತು, ಮೊಟ್ಟೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಅವನು ಕಣ್ಣು ಮುಚ್ಚಿದ, ತಲೆ ಹಿಂದಕ್ಕೆ ವಾಲಿಸಿದ, ಆಹಾ ಎಂದ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಓಡಿದ.

ಸಂಜೆ ಆಕೆ ಹಜಾರದಲ್ಲಿ ಕೂತು ಅದನ್ನೆಲ್ಲ ಕತ್ತರಿಸಿ ಜೋಡಿಸುತ್ತಿದ್ದಳು. ಆಮೇಲೆ, "ರೀ, ಸ್ವಲ್ಪ ಬನ್ನಿ ಇಲ್ಲಿ" ಎಂದಳು. ಮೇಜಿನ ಮೇಲೆ ತನ್ನ ಫೋನ್, ಅವನ ಫೋನ್ ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದ್ದಳು. ಎರಡರಲ್ಲೂ ಅವನೇ.

"ನೋಡಿ ಹೇಳಿ. ಇದು ಸ್ಪಷ್ಟವಾ, ಅದು ಸ್ಪಷ್ಟವಾ?"

ಒಂದರಲ್ಲಿ ಪುಡಿಂಗ್, ಇನ್ನೊಂದರಲ್ಲಿ ಒಣ ಬ್ರೆಡ್. ಅದೇ ಮುಚ್ಚಿದ ಕಣ್ಣು, ಅದೇ ವಾಲಿದ ತಲೆ, ಹಣೆಯ ಮೇಲೆ ಅದೇ ನೆರಿಗೆ. ಅಂಗಿಯ ಬಣ್ಣವೊಂದು ಬಿಟ್ಟರೆ ಅಳೆದು ತೂಗಿದಂತೆ ಒಂದೇ.

"ಎರಡೂ ಒಂದೇ ಥರ ಇದೆ" ಎಂದ ಅವನು, ಸಣ್ಣ ದನಿಯಲ್ಲಿ.

"ಇಲ್ಲ, ವ್ಯತ್ಯಾಸ ಇದೆ. ಗಂಟಲು ನೋಡಿ. ಬ್ರೆಡ್ ನುಂಗಿದ್ದೀರ. ಪುಡಿಂಗ್ ನುಂಗೇ ಇಲ್ಲ."

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಹಸುಗೂಸಿಗೂ ಗೊತ್ತು. ಆಹಾ ಅಣ್ಣನಿಗೆ ಗೊತ್ತಾಗಲಿಲ್ಲ. "ಆಗ ಹಸಿವಾಗಿತ್ತು ಕಣೇ" ಎಂದುಬಿಟ್ಟ.

"ಹಾಗಾದ್ರೆ ಕೇಕು? ಆಲೂಗಡ್ಡೆದು? ಅವೆಲ್ಲ?"

ಅವನು ಫೋನಿನಲ್ಲಿದ್ದ ತನ್ನ ಮುಖವನ್ನೇ ನೋಡುತ್ತಾ ನಿಂತ. ಎಷ್ಟು ಸಂತೋಷವಾಗಿದ್ದ ಮಹಾಶಯ! ಆಕೆ ಅತ್ತಳು. ಅಡುಗೆ ಕೆಟ್ಟದ್ದಕ್ಕೆ ಅಲ್ಲ, ಅದು ಅವನಿಗೂ ತಿಳಿಯಿತು. "ಊರವರೆಲ್ಲ ಉಗಿದಾಗ ನಿಮ್ಮ ಒಂದು ಮಾತು ಹಿಡ್ಕೊಂಡು ಧೈರ್ಯ ತಗೋತಿದ್ದೆ. ಚೆನ್ನಾಗಿಲ್ಲ ಅಂದಿದ್ರೆ ಕಲಿತ್ಕೊಳ್ತಿದ್ದೆ. ನನ್ನನ್ನ ಊರ ಮುಂದೆ ಕೋಡಂಗಿ ಮಾಡಿ ಕೂರಿಸಿದ್ರಲ್ಲ?" ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಅಂಗಡಿಯಲ್ಲಿ ದಿನಾ ಊರವರಿಗೆ ಹೇಳುವ ಬುದ್ಧಿಮಾತು, ಬಾಗಿಲು, ಹಣೆ, ಎಲ್ಲ ನೆನಪಾಯಿತು.

ಸಕ್ಕರೆ ಡಬ್ಬಿಗೆ ಒರಗಿದ್ದ ಫೋನ್ ಅಲ್ಲಿಂದ ಎದ್ದುಹೋಯಿತು. ಚಾನೆಲ್ ಮುಚ್ಚಿತು. ಅಲ್ಲಿಂದ ಮುಂದೆ ನಡೆದದ್ದು ಅವನ ಹಣೆಬರಹ ಎನ್ನಬೇಕು. ನೋಡುವವರು ಯಾರೂ ಇಲ್ಲದ ಮೇಲೆ ಹತ್ತು ನಿಮಿಷದ ಹಂಗೂ ಇರಲಿಲ್ಲ. ಈರುಳ್ಳಿಗೆ ಕೆಂಪಾಗುವಷ್ಟು ಬಿಡುವು ಸಿಕ್ಕಿತು. ನಾಲ್ಕನೆಯ ಸಾಮಾನು ಬಂತು, ಅದರ ಹಿಂದೆಯೇ ನೆಂಟರಿಷ್ಟರ ಹಾಗೆ ಐದನೆಯದು, ಆರನೆಯದು ಬಂದವು. ಆಕೆ ಮಾತಿಲ್ಲದೆ, ಸಿಟ್ಟಿನಿಂದ, ನಿಧಾನವಾಗಿ ಅಡುಗೆ ಮಾಡತೊಡಗಿದಳು, ಮತ್ತು ಅಡುಗೆ ರುಚಿಯಾಗತೊಡಗಿತು. ಅತ್ತೆಗೆ ಒಂದೇ ವಾರದಲ್ಲಿ ಹೊಸ ಹಲ್ಲು ಹುಟ್ಟಿದವು. ಎರಡನೆಯ ಸಲ ಬಡಿಸಿಕೊಂಡು, "ಬಿಸಿ ಇತ್ತಲ್ಲ, ಒಳಗೆ ಹೋಯ್ತು" ಎನ್ನುತ್ತಿದ್ದಳು.

ಮೊಟ್ಟೆಯನ್ನದ ತುತ್ತೊಂದು ಬಾಯಿಗಿಟ್ಟಾಗ ಅವನಿಗೇ ಅರಿವಿಲ್ಲದೆ "ಆಹಾ" ಹೊರಟಿತು.

"ಸಾಕು ಬಿಡಿ. ಕ್ಯಾಮೆರಾ ಇಲ್ಲ ಈಗ."

"ಇಲ್ಲ ಕಣೇ, ನಿಜವಾಗ್ಲೂ ಚೆನ್ನಾಗಿದೆ."

"ಪುಡಿಂಗೂ ಚೆನ್ನಾಗಿತ್ತಲ್ಲ?"

"ನಿನ್ನಾಣೆ!"

"ಆಣೆ ಗೀಣೆ ಇಡ್ಬೇಡಿ. ನಾನಿನ್ನೂ ಬದುಕ್ಬೇಕು."

ಅವನು ತಟ್ಟೆ ಬಳಿದು ತೋರಿಸಿದ. ನಟನೆ ಎಂದಳು. ಮಾತಿಲ್ಲದೆ ತಿಂದು ನೋಡಿದ. "ಗೊತ್ತಾಯ್ತು, ಇಷ್ಟ ಆಗ್ಲಿಲ್ಲ" ಎಂದು ಪಾತ್ರೆ ಮುಚ್ಚಿ ಒಳಗಿಟ್ಟಳು. ಕಸದಂಥ ತಿಂಡಿಗೆಲ್ಲ ಹೊಗಳಿಕೆ ಸುರಿದು ಬರಿಗೈ ಮಾಡಿಕೊಂಡಿದ್ದವನ ಹತ್ತಿರ ಒಳ್ಳೆಯ ಊಟಕ್ಕೆ ಕೊಡಲು ಏನೂ ಉಳಿದಿರಲಿಲ್ಲ. ಆಕೆ ಒಲೆಯ ಮುಂದೆ ನಿಂತು, ಯಾರೂ ಮೆಚ್ಚದ ಅಡುಗೆ ತನ್ನದೆಂದುಕೊಂಡು ಸೌಟಾಡಿಸುವುದನ್ನು ನೋಡಲಾರದೆ ಅವನು ಎದ್ದು ಹಜಾರಕ್ಕೆ ಹೋಗಿಬಿಡುತ್ತಿದ್ದ.

ಒಂದು ಸಂಜೆ ಆಕೆ ತರಕಾರಿ ಸೂಪು ಮಾಡಿದ್ದಳು. ಆಲೂಗಡ್ಡೆ, ಕ್ಯಾರೆಟ್, ಕೆಂಪಗೆ ಹುರಿದ ಈರುಳ್ಳಿ, ಬೆಣ್ಣೆ, ಆಗತಾನೆ ಕುಟ್ಟಿದ ಮೆಣಸು. ಮೂವರೂ ಮೇಜಿಗೆ ಕೂತರು. ಅವನು ಒಂದು ಚಮಚ ಬಾಯಿಗಿಟ್ಟುಕೊಂಡ. ಹುಟ್ಟಿದಾಗಿನಿಂದ ಅಂಥ ಸೂಪು ಅವನು ಕುಡಿದಿರಲಿಲ್ಲ. ಕಣ್ಣು ತಾನಾಗಿ ಮುಚ್ಚಿಕೊಳ್ಳಲು ಹೊರಟದ್ದನ್ನು ಬಲವಂತದಿಂದ ತೆರೆದಿಟ್ಟ.

"ಹೇಗಿದೆ?" ಎಂದಳು ಹೆಂಡತಿ. ಪುಡಿಂಗಿನ ದಿನದಿಂದ ಈಚೆಗೆ ಆಕೆ ಕೇಳಿದ್ದು ಇದೇ ಮೊದಲು. ಕೇಳಿ ಬೇರೆ ಕಡೆ ನೋಡಿದಳು. ಉತ್ತರ ಗೊತ್ತಿದ್ದವಳ ಹಾಗೆ ತುಟಿ ಬಿಗಿದಿದ್ದಳು.

ಆಹಾ ನಾಲಿಗೆಯ ತುದಿಯಲ್ಲಿತ್ತು. ಅವನು ಅದನ್ನು ಸೂಪಿನ ಜೊತೆ ನುಂಗಿಕೊಂಡ.

"ಉಪ್ಪು ಸ್ವಲ್ಪ ಕಮ್ಮಿ" ಎಂದ.

ಆಕೆ ಸರಕ್ಕನೆ ತಿರುಗಿದಳು. "ಏನಂದ್ರಿ?"

"ಉಪ್ಪು. ಸ್ವಲ್ಪ ಕಮ್ಮಿಯಾಗಿದೆ."

ಯಾವ ಹೊಗಳಿಕೆಗೂ ಆ ಮುಖ ಹಾಗೆ ಬೆಳಗಿದ್ದನ್ನು ಅವನು ಕಂಡಿರಲಿಲ್ಲ. ಆಕೆ ಎದ್ದು, ಕುರ್ಚಿ ಬೀಳುವುದನ್ನೂ ಲೆಕ್ಕಿಸದೆ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದಳು. ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರು ಹೇಳಿದ್ದು ನಿಜವೇ ಇರಬಹುದು, ಆದರೆ ಅವರು ಆಕೆಯ ಕೈಯ ಈ ಹಿಡಿ ಉಪ್ಪನ್ನು ನೋಡಿರಲಿಲ್ಲ. ಪಾತ್ರೆಗೆ ಸುರಿದು, ಕಲಕಿ, ಮೂವರ ಬಟ್ಟಲಿಗೂ ಹೊಸದಾಗಿ ಬಡಿಸಿದಳು. ತಾಯಿ ತುಟಿಗೆ ಸೋಕಿಸಿ ನೋಡಿ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ನನಗೆ ಹಲ್ಲೆಲ್ಲಿದೆಯಮ್ಮಾ."

ಅದು ಸೂಪು ಎಂಬುದು ಸೊಸೆಗೆ ಹೊಳೆಯಲಿಲ್ಲ. ಆಕೆ ಗಂಡನ ಗಂಟಲನ್ನೇ ನೋಡುತ್ತಿದ್ದಳು. ಅವನು ಚಮಚ ತುಂಬಿಕೊಂಡು ಬಾಯಿಗಿಟ್ಟ. ಸಮುದ್ರದಲ್ಲಿ ಮುಳುಗಿದವನಿಗಾದರೂ ಇಷ್ಟು ಉಪ್ಪುನೀರು ಸಿಗುತ್ತದೋ ಇಲ್ಲವೋ. ನುಂಗಿದ. ಗಂಟಲು ಚೆನ್ನಾಗಿ ಕಾಣುವ ಹಾಗೆ ನುಂಗಿದ.

"ಈಗ?"

"ಈಗ ಸರಿಹೋಯ್ತು."

ಆಕೆ ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. "ನೋಡಿದ್ರಾ? ಮೂರೇ ಮಾತು. ನಿಜ ಹೇಳೋದು ಎಷ್ಟು ಸುಲಭ!"

"ಹೌದು ಕಣೇ" ಎಂದು ಅವನು ಬಟ್ಟಲು ಖಾಲಿ ಮಾಡಿ, ಇನ್ನೊಂದು ಸೌಟಿಗೆ ಮುಂದೆ ಚಾಚಿದ.